ಡ್ರೈವ್ ತುಂಬಿದಾಗ ಕಡತಗಳನ್ನು ಕುಗ್ಗಿಸಬೇಕೇ? ಕಂಪ್ರೆಷನ್ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಚೆನ್ನಾಗಿಯೇ ಓಡುತ್ತಿರುವ ಹಳೆಯ ಕಂಪ್ಯೂಟರನ್ನು ಮೂಲೆಗೆ ಹಾಕಲು ಮನಸ್ಸಿಲ್ಲದ ಅನೇಕರು ಅಂದಿನಿಂದ ವಿಂಡೋಸ್ 11ಕ್ಕೋ ಲಿನಕ್ಸ್‌ಗೋ ದಾಟುವ ಪ್ರಯತ್ನದಲ್ಲಿದ್ದಾರೆ. ದಾಟಲು ಹೊರಟವರಿಗೆ ಮೊದಲು ಎದುರಾಗುವ ಅಡ್ಡಿಗಳಲ್ಲಿ ಒಂದು, ಡ್ರೈವ್‌ನಲ್ಲಿ ಜಾಗ ಉಳಿದಿಲ್ಲದಿರುವುದು. ಮೈಸೂರಿನ ಸರಸ್ವತಿಪುರಂನಲ್ಲಿ ಡಿಟಿಪಿ ಕೆಲಸ ಮಾಡುವವರಿಗಾಗಲಿ, ಮಂಡ್ಯದಲ್ಲಿ ಮದುವೆಗಳ ಫೋಟೊ ತೆಗೆಯುವ ಸ್ಟುಡಿಯೊದವರಿಗಾಗಲಿ, ಪ್ರಬಂಧ ಬರೆಯುತ್ತಿರುವ ಸಂಶೋಧನಾ ವಿದ್ಯಾರ್ಥಿಗಾಗಲಿ, ಡ್ರೈವ್‌ನ ಹೆಸರಿನ ಕೆಳಗಿನ ನೀಲಿ ಪಟ್ಟಿ ಕೆಂಪಗಾಗುವುದು ಹೊಸದೇನಲ್ಲ. 256 ಜಿಬಿ ಎಂದು ಹೇಳಿ ಮಾರಿದ ಡ್ರೈವ್ ವಿಂಡೋಸ್‌ನಲ್ಲಿ 238 ಜಿಬಿ ಎಂದು ಕಾಣಿಸುತ್ತದೆ. ತಯಾರಕರು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸಿದರೆ ವಿಂಡೋಸ್ ಸುಮಾರು 107 ಕೋಟಿ ಬೈಟ್ ಎಂದು ಎಣಿಸುವುದೇ ಇದಕ್ಕೆ ಕಾರಣ. ಇದರಲ್ಲಿ ಮೋಸವೇನೂ ಇಲ್ಲ.

ಹೀಗೆ ಜಾಗ ಮುಗಿದಾಗ ಸಿಗುವ ಸಲಹೆಗಳಲ್ಲಿ ‘ಡ್ರೈವನ್ನೇ ಕಂಪ್ರೆಸ್ ಮಾಡಿಬಿಡಿ’ ಎಂಬುದೂ ಒಂದು. ಒಂದು ಚೌಕದಲ್ಲಿ ಗುರುತು ಹಾಕಿದರೆ ಮುಗಿಯುವ ಕೆಲಸ ಇದು. ಕೆಲವರಿಗೆ ಇದರಿಂದ ಹತ್ತಾರು ಜಿಬಿ ಉಳಿಯುತ್ತದೆ, ಕೆಲವರಿಗೆ ಏನೂ ಉಳಿಯುವುದಿಲ್ಲ, ಇನ್ನು ಕೆಲವರ ಕಂಪ್ಯೂಟರ್ ನಿಧಾನವಾಗುತ್ತದೆ. ಫಲ ಹೀಗೆ ಬೇರೆ ಬೇರೆಯಾಗುವುದು ಮುಖ್ಯವಾಗಿ ಎರಡು ಸಂಗತಿಗಳಿಂದ: ಡ್ರೈವ್‌ನಲ್ಲಿ ಇರುವುದು ಯಾವ ಬಗೆಯ ಕಡತ, ಮತ್ತು ಆ ಕಡತ ಎಷ್ಟು ಸಲ ತಿದ್ದುಪಡಿಗೆ ಒಳಗಾಗುತ್ತದೆ.

ಉಗ್ರಾಣವೂ ಅದರ ಲೆಕ್ಕದ ಪುಸ್ತಕವೂ

ಡ್ರೈವ್ ಒಂದು ದೊಡ್ಡ ಉಗ್ರಾಣವಾದರೆ, ಯಾವ ಸರಕು ಯಾವ ಸಾಲಿನಲ್ಲಿದೆ ಎಂದು ಬರೆದಿಡುವ ಲೆಕ್ಕದ ಪುಸ್ತಕವೇ ಕಡತ ವ್ಯವಸ್ಥೆ, ಎಂದರೆ ಫೈಲ್ ಸಿಸ್ಟಮ್. ವಿಂಡೋಸ್ ಬಳಸುವುದು ಎನ್‌ಟಿಎಫ್‌ಎಸ್, ಲಿನಕ್ಸ್‌ನ ಒಂದು ರೂಪವಾದ ಉಬುಂಟು ಸಾಮಾನ್ಯವಾಗಿ ಬಳಸುವುದು ಎಕ್ಸ್‌ಟಿ4, ಪೆನ್‌ಡ್ರೈವ್‌ಗಳಲ್ಲಿ ಇರುವುದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಇವುಗಳಲ್ಲಿ ಕಡತವನ್ನು ಕುಗ್ಗಿಸಿ ಇಡುವ ಅನುಕೂಲ ಇರುವುದು ಎನ್‌ಟಿಎಫ್‌ಎಸ್‌ನಲ್ಲಿ ಮಾತ್ರ. ಉಳಿದ ಮೂರರಲ್ಲಿ ಇಲ್ಲ.

ಉಗ್ರಾಣದಲ್ಲಿ ಅಕ್ಕಿಯನ್ನು ಕಾಳಿನ ಲೆಕ್ಕದಲ್ಲಿ ಇಡುವುದಿಲ್ಲ, ಗೋಣಿಚೀಲದ ಲೆಕ್ಕದಲ್ಲಿ ಇಡುತ್ತಾರೆ. ಡ್ರೈವ್ ಕೂಡ ಸಾಮಾನ್ಯವಾಗಿ 4 ಕೆಬಿ ಅಳತೆಯ ಚೀಲಗಳಲ್ಲಿ ಜಾಗ ಕೊಡುತ್ತದೆ. ಇಂಥ ಒಂದು ಚೀಲಕ್ಕೆ ಕ್ಲಸ್ಟರ್ ಎಂದು ಹೆಸರು. 5 ಕೆಬಿಯ ಕಡತಕ್ಕೆ ಎರಡು ಚೀಲ ಬೇಕು, ಎರಡನೆಯದು ಮುಕ್ಕಾಲು ಪಾಲು ಖಾಲಿ ಇದ್ದರೂ ಅದು ಹಿಡಿಯುವ ಜಾಗ ಪೂರ್ತಿ ಚೀಲದ್ದೇ. ವಿಂಡೋಸ್‌ನಲ್ಲಿ ಯಾವುದೇ ಕಡತದ ‘ಪ್ರಾಪರ್ಟೀಸ್’ ತೆರೆದರೆ ‘ಸೈಜ್’ ಎಂದು ಒಂದು ಸಂಖ್ಯೆಯೂ ‘ಸೈಜ್ ಆನ್ ಡಿಸ್ಕ್’ ಎಂದು ಮತ್ತೊಂದು ಸಂಖ್ಯೆಯೂ ಕಾಣುವುದು ಇದರಿಂದಲೇ. ಮೊದಲನೆಯದು ಸರಕಿನ ತೂಕ, ಎರಡನೆಯದು ಅದು ಹಿಡಿದಿರುವ ಜಾಗ. ಕಂಪ್ರೆಷನ್ ಬದಲಿಸುವುದು ಎರಡನೆಯದನ್ನು ಮಾತ್ರ.

ಜಿಪ್ ಕಡತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಜಿಪ್ ಮಾಡಿದ್ದನ್ನು ನಾವೇ ಬಿಚ್ಚಿ ಬಳಸಬೇಕು. ಕಡತ ವ್ಯವಸ್ಥೆಯ ಕಂಪ್ರೆಷನ್‌ನಲ್ಲಿ ಬರೆಯುವಾಗ ಮಡಿಸುವ, ಓದುವಾಗ ಬಿಚ್ಚುವ ಕೆಲಸವನ್ನು ಲೆಕ್ಕದ ಪುಸ್ತಕ ನೋಡಿಕೊಳ್ಳುವ ಉಗ್ರಾಣಿಯೇ ಮಾಡುತ್ತಾನೆ. ಕಡತವನ್ನು ತೆರೆಯುವ ತಂತ್ರಾಂಶಕ್ಕೆ ಅದು ಮೊದಲಿನಂತೆಯೇ ಕಾಣುತ್ತದೆ.

‘ಸದರಿ ಸ್ವತ್ತು’ ಎಂಬ ಉಪಾಯ

ಏನನ್ನೂ ಕಳೆದುಕೊಳ್ಳದೆ ಕಡತವೊಂದು ಚಿಕ್ಕದಾಗುವುದು ಹೇಗೆ? ಜಮೀನಿನ ಕ್ರಯಪತ್ರವನ್ನು ಓದಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪತ್ರದ ಒಂದು ಕಡೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಎಲ್ಲವನ್ನೂ ಬಿಡಿಸಿ ಬರೆದಿರುತ್ತಾರೆ. ಆಮೇಲೆ ಆ ಜಮೀನಿನ ಮಾತು ಬಂದಾಗಲೆಲ್ಲ ‘ಸದರಿ ಸ್ವತ್ತು’ ಎಂಬ ಎರಡೇ ಪದ ಸಾಕು. ಓದುವವರು ಹಿಂದಕ್ಕೆ ಹೋಗಿ ನೋಡಿದರೆ ವಿವರ ಪೂರ್ತಿಯಾಗಿ ಸಿಗುತ್ತದೆ.

ಇಸ್ರೇಲಿನ ವಿದ್ವಾಂಸರಾದ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ ಅವರು 1977ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ. ಹಿಂದೆ ಬಂದ ಬೈಟ್‌ಗಳ ಸಾಲು ಮತ್ತೆ ಬಂದರೆ, ಆ ಸಾಲನ್ನು ಪುನಃ ಬರೆಯುವ ಬದಲು ‘ಇಷ್ಟು ಹಿಂದೆ ಹೋಗಿ, ಅಲ್ಲಿಂದ ಇಷ್ಟು ಬೈಟ್ ತೆಗೆದುಕೊಳ್ಳಿ’ ಎಂಬ ಚಿಕ್ಕ ಸೂಚನೆಯನ್ನು ಬರೆದರಾಯಿತು. ಎನ್‌ಟಿಎಫ್‌ಎಸ್ ಬಳಸುವ ಎಲ್‌ಝಡ್‌ಎನ್‌ಟಿ1, ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಲ್‌ಝಡ್4 ಮತ್ತು ಝಡ್‌ಸ್ಟ್ಯಾಂಡರ್ಡ್, ಎಲ್ಲವೂ ಈ ಬೇರಿನಿಂದ ಬೆಳೆದ ಕೊಂಬೆಗಳು. ಇವುಗಳಲ್ಲಿ ಕೆಲವು, ಪದೇ ಪದೇ ಬರುವ ಅಕ್ಷರಕ್ಕೆ ಚಿಕ್ಕ ಸಂಕೇತವನ್ನೂ ಅಪರೂಪದ ಅಕ್ಷರಕ್ಕೆ ಉದ್ದದ ಸಂಕೇತವನ್ನೂ ಕೊಡುವ, ಡೇವಿಡ್ ಹಫ್‌ಮನ್ ಅವರು 1952ರಲ್ಲಿ ರೂಪಿಸಿದ ಉಪಾಯವನ್ನೂ ಜೊತೆಗೆ ಸೇರಿಸಿಕೊಳ್ಳುತ್ತವೆ.

ಮರುಕಳಿಕೆ ಇದ್ದರೆ ಮಾತ್ರ ಈ ಉಪಾಯ ಫಲ ಕೊಡುತ್ತದೆ ಎಂಬುದನ್ನು ಗಮನದಲ್ಲಿಡಬೇಕು, ಏಕೆಂದರೆ ಮುಂದಿನ ನಿರ್ಧಾರಗಳೆಲ್ಲ ಇದರ ಮೇಲೆಯೇ ನಿಂತಿವೆ.

ಬೆಲ್ಲವನ್ನು ಮತ್ತೆ ಕೊಪ್ಪರಿಗೆಗೆ ಸುರಿದರೆ

ಮಂಡ್ಯದ ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ನೀರಿನಂಶವನ್ನು ಆವಿಯಾಗಿಸಿ, ಅಚ್ಚಿಗೆ ಹೊಯ್ದು ಬೆಲ್ಲ ಮಾಡುತ್ತಾರೆ. ಕೊಪ್ಪರಿಗೆ ತುಂಬ ಇದ್ದ ಹಾಲು ಕೆಲವೇ ಅಚ್ಚುಗಳಾಗುತ್ತದೆ. ಆ ಅಚ್ಚು ಬೆಲ್ಲವನ್ನು ಮತ್ತೆ ಕೊಪ್ಪರಿಗೆಗೆ ಹಾಕಿ ಉರಿ ಹಚ್ಚಿದರೆ ಅದು ಇನ್ನಷ್ಟು ಚಿಕ್ಕದಾಗುವುದಿಲ್ಲ. ಸೌದೆ ಖರ್ಚಾಗುತ್ತದೆ, ಅಷ್ಟೇ.

ಮೊಬೈಲ್ ಅಥವಾ ಕ್ಯಾಮೆರಾ ತೆಗೆಯುವ ಜೆಪೆಗ್ ಫೋಟೊ, ಎಂಪಿ4 ವಿಡಿಯೊ, ಎಂಪಿ3 ಹಾಡು, ಇವೆಲ್ಲ ಆಗಲೇ ಬೆಲ್ಲವಾಗಿರುವ ಕಡತಗಳು. ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೊಂದುತ್ತದೆ: ಬೆಲ್ಲದಿಂದ ಮೊದಲಿನ ಕಬ್ಬಿನ ಹಾಲನ್ನು ಮರಳಿ ಪಡೆಯಲಾಗದಂತೆ, ಜೆಪೆಗ್ ಫೋಟೊದಿಂದ ಕ್ಯಾಮೆರಾದ ಸಂವೇದಕ ಕಂಡ ಮೂಲ ಚಿತ್ರವನ್ನು ಮರಳಿ ಪಡೆಯಲಾಗದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಅದು ಬಿಟ್ಟುಬಿಟ್ಟಿರುತ್ತದೆ. ಕಡತ ವ್ಯವಸ್ಥೆಯ ಕಂಪ್ರೆಷನ್ ಆ ಜಾತಿಯದಲ್ಲ. ಅದು ರೇಷ್ಮೆ ಸೀರೆಯನ್ನು ಮಡಿಸಿಡುವಂತೆ: ಬಿಚ್ಚಿದಾಗ ಅಂಚು, ಸೆರಗು, ಒಂದು ಎಳೆ ಕೂಡ ತಪ್ಪದೆ ಪೂರ್ತಿ ಸೀರೆ ಸಿಗುತ್ತದೆ. ಕುಗ್ಗಿಸಿದರೆ ಫೋಟೊದ ಗುಣಮಟ್ಟ ಕೆಡುತ್ತದೆಯೇ ಎಂದು ಸ್ಟುಡಿಯೊದವರು ಕೇಳುವುದುಂಟು. ಇಲ್ಲ, ಕೆಡುವುದಿಲ್ಲ. ಆದರೆ ಜಾಗವೂ ಉಳಿಯುವುದಿಲ್ಲ.

ಕಚೇರಿಯ ಕಡತಗಳ ವಿಷಯದಲ್ಲಿ ಅನೇಕರಿಗೆ ಒಂದು ತಪ್ಪು ಎಣಿಕೆ ಇದೆ. 2007ರ ಆಫೀಸ್ ಆವೃತ್ತಿಯಿಂದ ಈಚೆಗೆ ವರ್ಡ್ ಮತ್ತು ಎಕ್ಸೆಲ್ ಉಳಿಸುವ ಡಾಕ್ಸ್ ಮತ್ತು ಎಕ್ಸ್‌ಎಲ್‌ಎಸ್‌ಎಕ್ಸ್ ಕಡತಗಳು ಒಳಗಿನಿಂದ ಜಿಪ್ ಕಡತಗಳೇ ಆಗಿವೆ. ಪಿಡಿಎಫ್‌ಗಳ ಒಳಗಿನ ಚಿತ್ರ ಮತ್ತು ಪಠ್ಯ ಕೂಡ ಸಾಮಾನ್ಯವಾಗಿ ಕುಗ್ಗಿರುತ್ತವೆ. ಗೂಢಲಿಪಿಗೆ ಒಳಪಡಿಸಿದ, ಎಂದರೆ ಎನ್‌ಕ್ರಿಪ್ಟ್ ಮಾಡಿದ ಕಡತದಲ್ಲಿ ಮರುಕಳಿಕೆಯ ಸುಳಿವೇ ಸಿಗದಿರುವುದರಿಂದ ಅದೂ ಕುಗ್ಗುವುದಿಲ್ಲ. ಇಡೀ ಡ್ರೈವನ್ನು ಗೂಢಲಿಪಿಗೆ ಒಳಪಡಿಸುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ ಮಾತ್ರ ತೊಂದರೆ ಇಲ್ಲ. ಅಲ್ಲಿ ಎನ್‌ಟಿಎಫ್‌ಎಸ್ ಮೊದಲು ಕುಗ್ಗಿಸುತ್ತದೆ, ಗೂಢಲಿಪಿಯ ಕೆಲಸ ಅದರ ಕೆಳಗಿನ ಹಂತದಲ್ಲಿ ನಡೆಯುತ್ತದೆ.

ಹಾಗಾದರೆ ಕುಗ್ಗುವುದು ಯಾವುದು? ಬರಿಯ ಪಠ್ಯದ ಕಡತ, ಸಿಎಸ್‌ವಿ ಪಟ್ಟಿ, ವೆಬ್ ಪುಟ, ತಂತ್ರಾಂಶದ ಮೂಲ ಸಂಕೇತ, ಸರ್ವರ್‌ಗಳು ದಿನವಿಡೀ ಬರೆಯುವ ಲಾಗ್ ಕಡತ, ಕುಗ್ಗಿಸದೆ ಉಳಿಸಿದ ಕಪ್ಪು ಬಿಳುಪು ಸ್ಕ್ಯಾನ್. ಬಣ್ಣದ ಸ್ಕ್ಯಾನ್‌ಗಳನ್ನು ಕುಗ್ಗಿಸದ ಟಿಫ್ ರೂಪದಲ್ಲಿ ಇಟ್ಟಿದ್ದರೂ ಲಾಭ ಅಲ್ಪ. ಹಸ್ತಪ್ರತಿಯ ಒಂದೇ ಗರಿಯ ಮೇಲೆ ಒಂದೇ ಬಣ್ಣ ಎಂದು ನಮ್ಮ ಕಣ್ಣು ಹೇಳಿದರೂ ಸ್ಕ್ಯಾನರಿನ ಲೆಕ್ಕದಲ್ಲಿ ಅಕ್ಕಪಕ್ಕದ ಚುಕ್ಕೆಗಳು ಒಂದಿಷ್ಟು ಬೇರೆಯೇ ಆಗಿರುತ್ತವೆ, ‘ಸದರಿ’ ಎನ್ನಲು ಆಸ್ಪದ ಸಿಗುವುದಿಲ್ಲ. ವೇವ್ ರೂಪದ ಧ್ವನಿಮುದ್ರಣಕ್ಕೂ ಇದೇ ಮಾತು. ಕ್ಷೇತ್ರಕಾರ್ಯದಲ್ಲಿ ಜಾನಪದ ಗಾಯಕರ ಹಾಡನ್ನು ಮುದ್ರಿಸಿ ತಂದವರು ಅದನ್ನು ಫ್ಲ್ಯಾಕ್ ಎಂಬ ರೂಪಕ್ಕೆ ಬದಲಿಸುವುದು ಇದಕ್ಕಿಂತ ಮೇಲು. ಫ್ಲ್ಯಾಕ್ ಶಬ್ದಕ್ಕೆಂದೇ ರೂಪುಗೊಂಡದ್ದು, ಏನನ್ನೂ ಕಳೆಯುವುದಿಲ್ಲ, ಜಾಗವನ್ನು ಗಣನೀಯವಾಗಿ ಉಳಿಸುತ್ತದೆ.

ಕನ್ನಡ ಪಠ್ಯ ಏಕೆ ಹೆಚ್ಚು ಕುಗ್ಗುತ್ತದೆ

ಕನ್ನಡದಲ್ಲಿ ಕೆಲಸ ಮಾಡುವವರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಯೂನಿಕೋಡ್ ಪಠ್ಯವನ್ನು ಉಳಿಸಲು ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕು. ‘ಮೈಸೂರು’ ಎಂಬುದು ನಮ್ಮ ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡ್‌ನಲ್ಲಿ ಮೂರು ವ್ಯಂಜನ ಮತ್ತು ಮೂರು ಸ್ವರಚಿಹ್ನೆ ಸೇರಿ ಆರು ಚಿಹ್ನೆ, ಒಟ್ಟು 18 ಬೈಟ್. ಅದೇ ಹೆಸರನ್ನು ರೋಮನ್ ಲಿಪಿಯ ಆರು ಅಕ್ಷರಗಳಲ್ಲಿ ಬರೆದರೆ 6 ಬೈಟ್. ‘ಮಂಡ್ಯ’ಕ್ಕೆ ಮ, ಅನುಸ್ವಾರ, ಡ, ವಿರಾಮ, ಯ ಎಂದು ಐದು ಚಿಹ್ನೆ, 15 ಬೈಟ್.

ಈ ಮೂರು ಬೈಟ್‌ಗಳಲ್ಲಿ ಮೊದಲನೆಯದು ಕನ್ನಡದ ಎಲ್ಲ ಚಿಹ್ನೆಗಳಿಗೂ ಒಂದೇ. ಎರಡನೆಯದು ಎರಡು ಬೆಲೆಗಳಲ್ಲಿ ಒಂದು. ಯಾವ ಅಕ್ಷರ ಎಂಬುದನ್ನು ನಿಜವಾಗಿ ಹೇಳುವ ಹೊಣೆ ಹೆಚ್ಚಾಗಿ ಮೂರನೆಯದರ ಮೇಲಿದೆ. ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟಿರುವುದು 128 ಸ್ಥಾನಗಳನ್ನು. ಎಂಟು ಬಿಟ್ ಸೇರಿದರೆ ಒಂದು ಬೈಟ್; ಆ ಸ್ಥಾನಗಳಲ್ಲಿ ಒಂದನ್ನು ಗುರುತಿಸಲು 7 ಬಿಟ್ ಸಾಕಾಗಿದ್ದರೂ ನಾವು 24 ಬಿಟ್ ಬಳಸುತ್ತಿದ್ದೇವೆ. ಇದರ ಮೇಲೆ ನಮ್ಮ ಭಾಷೆಯ ಸ್ವಭಾವವೂ ಸೇರುತ್ತದೆ: ‘ಅಲ್ಲಿ’, ‘ಇಂದ’, ‘ಗಳನ್ನು’, ‘ಉತ್ತದೆ’ ಎಂಬಂಥ ಪ್ರತ್ಯಯಗಳು ಪ್ರತಿ ಸಾಲಿನಲ್ಲೂ ಮರಳಿ ಬರುತ್ತವೆ. ಹೀಗೆ ಕಂಪ್ರೆಷನ್‌ಗೆ ಬೇಕಾದ ಮರುಕಳಿಕೆ ಕನ್ನಡ ಪಠ್ಯದಲ್ಲಿ ತುಂಬಿದೆ. ಮಾನಸಗಂಗೋತ್ರಿಯಲ್ಲಿರುವ, 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದಂಥ ಕಡೆ ನಡೆಯುವ ಭಾಷಾ ಸಂಶೋಧನೆಗೆ ಬೇಕಾಗುವ ದೊಡ್ಡ ಪಠ್ಯ ಸಂಗ್ರಹಗಳನ್ನು ನೆನೆಯಿರಿ. ಬರಿಯ ಪಠ್ಯರೂಪದಲ್ಲಿ ಅವನ್ನು ಇಟ್ಟುಕೊಂಡಿರುವ ವಿದ್ಯಾರ್ಥಿಯ ಫೋಲ್ಡರ್, ಕಂಪ್ರೆಷನ್‌ಗೆ ಇರುವ ಅತ್ಯುತ್ತಮ ಸ್ಥಳಗಳಲ್ಲಿ ಒಂದು.

ಹದಿನಾರು ಚೀಲಗಳ ಲೆಕ್ಕ

ಎನ್‌ಟಿಎಫ್‌ಎಸ್ ಇಡೀ ಕಡತವನ್ನು ಒಂದೇ ಗಂಟಾಗಿ ಕಟ್ಟುವುದಿಲ್ಲ. 4 ಕೆಬಿಯ 16 ಚೀಲಗಳನ್ನು, ಎಂದರೆ 64 ಕೆಬಿಯನ್ನು, ಒಂದು ಸಲಕ್ಕೆ ತೆಗೆದುಕೊಂಡು ಕುಗ್ಗಿಸುತ್ತದೆ. ಅದು 40 ಕೆಬಿಗೆ ಇಳಿದರೆ 10 ಚೀಲ ಸಾಕು, 6 ಉಳಿಯುತ್ತವೆ. 62 ಕೆಬಿಗೆ ಮಾತ್ರ ಇಳಿದರೆ ಆಗಲೂ 16 ಚೀಲ ಬೇಕಾಗುವುದರಿಂದ ಕುಗ್ಗಿಸಿದ್ದನ್ನು ಬಿಟ್ಟು ಮೂಲರೂಪದಲ್ಲೇ ಇಡುತ್ತದೆ. ಹೀಗೆ ತುಂಡು ತುಂಡಾಗಿ ಮಾಡುವುದರಿಂದ, ಕಡತದ ನಡುವಿನ ಒಂದು ಸಾಲು ಬೇಕೆಂದಾಗ ಮೊದಲಿನಿಂದ ಎಲ್ಲವನ್ನೂ ಬಿಚ್ಚುವ ಅಗತ್ಯವಿಲ್ಲ. ಆ 64 ಕೆಬಿಯ ತುಂಡನ್ನಷ್ಟೇ ಬಿಚ್ಚಿದರಾಯಿತು.

ಓದುವುದಕ್ಕೆ ಅನುಕೂಲವಾದ ಈ ಏರ್ಪಾಡು ತಿದ್ದುವುದಕ್ಕೆ ಅಷ್ಟು ಅನುಕೂಲವಲ್ಲ. ತುಂಡಿನೊಳಗೆ ನೂರು ಬೈಟ್ ಬದಲಾದರೂ ಇಡೀ ತುಂಡನ್ನು ಬಿಚ್ಚಿ, ತಿದ್ದಿ, ಮತ್ತೆ ಮಡಿಸಿ ಬರೆಯಬೇಕು. ತಿದ್ದಿದ ಮೇಲೆ 10 ಚೀಲದ ತುಂಡು 12 ಚೀಲ ಕೇಳಿದರೆ, ಪಕ್ಕದ ಜಾಗದಲ್ಲಿ ಬೇರೆಯವರ ಸರಕು ಇರುವುದರಿಂದ, ಹೆಚ್ಚಿನದನ್ನು ದೂರದಲ್ಲೆಲ್ಲೋ ಇಡಬೇಕಾಗುತ್ತದೆ. ಕ್ರಮೇಣ ಕಡತ ಉಗ್ರಾಣದ ತುಂಬ ಚೆಲ್ಲಾಪಿಲ್ಲಿಯಾಗುತ್ತದೆ. ಅಂಗಡಿಯ ಲೆಕ್ಕಪತ್ರ ತಂತ್ರಾಂಶದ ದತ್ತಾಂಶ, ಡೇಟಾಬೇಸ್, ಇಮೇಲ್ ಸಂಗ್ರಹದ ದೊಡ್ಡ ಕಡತ, ವರ್ಚುವಲ್ ಯಂತ್ರಗಳ ಡಿಸ್ಕ್ ಕಡತ, ಇವೆಲ್ಲ ದಿನವಿಡೀ ಅಲ್ಲಲ್ಲಿ ತಿದ್ದಿಸಿಕೊಳ್ಳುವಂಥವು. ಇವುಗಳಲ್ಲಿ ಮರುಕಳಿಕೆ ಎಷ್ಟೇ ಇರಲಿ, ವಿಂಡೋಸ್‌ನಲ್ಲಿ ಇವನ್ನು ಕುಗ್ಗಿಸಬಾರದು. ಮೈಕ್ರೋಸಾಫ್ಟ್ ತನ್ನದೇ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ನ ಬರೆಯಬಹುದಾದ ಡೇಟಾಬೇಸ್‌ಗಳನ್ನು ಎನ್‌ಟಿಎಫ್‌ಎಸ್ ಕಂಪ್ರೆಷನ್ ಇರುವ ಕಡೆ ಇಡಲು ಬೆಂಬಲ ಕೊಡುವುದಿಲ್ಲ.

ಲೆಕ್ಕ ಮುಗಿಸಿದ ಹಳೆಯ ವರ್ಷಗಳ ಪಟ್ಟಿಗಳು, ಅಚ್ಚಾಗಿ ಹೋದ ಪುಸ್ತಕಗಳ ಪಠ್ಯ, ಮುಗಿದ ಯೋಜನೆಯ ಲಾಗ್‌ಗಳು ಇದಕ್ಕೆ ವಿರುದ್ಧ ತುದಿಯಲ್ಲಿವೆ. ಅವನ್ನು ಮತ್ತೆ ಓದುವವರು ಇರಬಹುದು, ತಿದ್ದುವವರಿಲ್ಲ. ಅಂಥವನ್ನು ಧಾರಾಳವಾಗಿ ಕುಗ್ಗಿಸಬಹುದು.

ವೇಗ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ

ಎರಡೂ ಆಗಬಹುದು. ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಎಂಬಿ ಓದುತ್ತದೆ ಎಂದು ಇಟ್ಟುಕೊಳ್ಳೋಣ. 1200 ಎಂಬಿಯ ಪಠ್ಯ ಓದಲು 10 ಸೆಕೆಂಡ್ ಬೇಕು. ಅದು ಅರ್ಧಕ್ಕೆ ಕುಗ್ಗಿದ್ದರೆ 5 ಸೆಕೆಂಡ್ ಸಾಕು, ಬಿಚ್ಚುವ ಕೆಲಸವನ್ನು ಪ್ರೊಸೆಸರ್ ಆ ನಡುವೆಯೇ ಮಾಡಿ ಮುಗಿಸಬಲ್ಲದು. ಇಲ್ಲಿ ಕಂಪ್ರೆಷನ್‌ನಿಂದ ವೇಗ ಹೆಚ್ಚಿತು. ತಿರುಗುವ ತಟ್ಟೆಯೇ ಇಲ್ಲದ ಇಂದಿನ ವೇಗದ ಡ್ರೈವ್, ಎಂದರೆ ಎನ್‌ವಿಎಂಇ ಎಸ್‌ಎಸ್‌ಡಿ, ಸೆಕೆಂಡಿಗೆ 3000 ಎಂಬಿ ಓದುವುದಾದರೆ ಅದೇ ಕಡತಕ್ಕೆ ಬೇಕಾಗುವುದು ಅರ್ಧ ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಬಿಚ್ಚಿ ಮುಗಿಸುವುದು ಹಳೆಯ ಪ್ರೊಸೆಸರ್‌ಗೆ ಸಾಧ್ಯವಾಗದೆ, ಡ್ರೈವ್ ಕಾಯುತ್ತಾ ಕೂರುವ ಸ್ಥಿತಿ ಬರಬಹುದು. ಮೈಸೂರು ಬೆಂಗಳೂರು ನಡುವೆ 118 ಕಿಲೋಮೀಟರಿನ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಗಿ ದಾರಿಯ ಹೊತ್ತು ಇಳಿದ ಮೇಲೆ, ಮನೆಯಲ್ಲಿ ಗಂಟುಮೂಟೆ ಕಟ್ಟುವ ಹೊತ್ತೇ ಎದ್ದು ಕಾಣತೊಡಗಿದಂತೆ ಇದು.

ಲಿನಕ್ಸ್‌ನಲ್ಲಿ ಉತ್ತರ ಬೇರೆ

ಲಿನಕ್ಸ್‌ನಲ್ಲಿ ಬಳಸಬಹುದಾದ ಬಿಟಿಆರ್‌ಎಫ್‌ಎಸ್ ಮತ್ತು ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಗಳಲ್ಲಿ, ವಿಂಡೋಸ್‌ಗೆ ಹೇಳಿದ ಎಚ್ಚರಿಕೆಗಳಲ್ಲಿ ಹಲವು ಅನ್ವಯಿಸುವುದಿಲ್ಲ. ಇವು ತಿದ್ದುವಾಗ ಹಳೆಯ ಜಾಗದ ಮೇಲೆ ಬರೆಯುವುದೇ ಇಲ್ಲ; ಬದಲಾದದ್ದನ್ನು ಹೊಸ ಜಾಗದಲ್ಲಿ ಬರೆದು ಲೆಕ್ಕದ ಪುಸ್ತಕವನ್ನು ತಿದ್ದುತ್ತವೆ. ಆದ್ದರಿಂದ 10 ಚೀಲದ್ದು 12 ಆದರೂ ಹೊಸ ತೊಡಕೇನೂ ಹುಟ್ಟುವುದಿಲ್ಲ. ಜೊತೆಗೆ, ಏನನ್ನು ಕುಗ್ಗಿಸಬೇಕೆಂಬ ತೀರ್ಮಾನವನ್ನು ಇವು ತಾವೇ ಮಾಡುತ್ತವೆ. ಬಿಟಿಆರ್‌ಎಫ್‌ಎಸ್ ಕಡತದ ಆರಂಭವನ್ನು ಪರೀಕ್ಷಿಸಿ ಪ್ರಯೋಜನವಿಲ್ಲವೆಂದು ಕಂಡರೆ ಉಳಿದದ್ದಕ್ಕೆ ಕೈ ಹಾಕುವುದಿಲ್ಲ. ಝಡ್‌ಎಫ್‌ಎಸ್ ಎಲ್‌ಝಡ್4 ಬಳಸುವಾಗ ಎಂಟರಲ್ಲಿ ಒಂದು ಪಾಲಾದರೂ ಉಳಿಯದಿದ್ದರೆ ಮೂಲರೂಪದಲ್ಲೇ ಬರೆಯುತ್ತದೆ. ಫೆಡೋರಾ ಲಿನಕ್ಸ್ 2021ರಲ್ಲಿ ಬಂದ ತನ್ನ 34ನೆಯ ಆವೃತ್ತಿಯಿಂದ ಬಿಟಿಆರ್‌ಎಫ್‌ಎಸ್‌ನೊಂದಿಗೆ ಝಡ್‌ಸ್ಟ್ಯಾಂಡರ್ಡ್ ಕಂಪ್ರೆಷನ್ ಅನ್ನು ಹೊಸದಾಗಿ ಸ್ಥಾಪಿಸಿಕೊಳ್ಳುವವರಿಗೆ ತಾನಾಗಿಯೇ ಚಾಲೂ ಮಾಡಿದ್ದು ಈ ವಿಶ್ವಾಸದಿಂದಲೇ. ನನ್ನ ಅಭಿಪ್ರಾಯದಲ್ಲಿ, ಈ ಎರಡರಲ್ಲಿ ಒಂದನ್ನು ಬಳಸುವವರು ಕಂಪ್ರೆಷನ್ ಅನ್ನು ಚಾಲೂ ಇಟ್ಟುಬಿಡುವುದೇ ಸರಿ. ಈಗಾಗಲೇ ಇರುವ ಹಳೆಯ ಕಡತಗಳು ಮಾತ್ರ ತಾವಾಗಿ ಕುಗ್ಗುವುದಿಲ್ಲ, ಚಾಲೂ ಮಾಡಿದ ಮೇಲೆ ಬರೆದವಷ್ಟೇ ಕುಗ್ಗುತ್ತವೆ ಎಂಬುದು ನೆನಪಿರಲಿ.

ಹಳೆಯ ಭಯದ ಮೂಲ

‘ಕಂಪ್ರೆಸ್ ಮಾಡಿದರೆ ಡೇಟಾ ಹೋಗುತ್ತದೆ’ ಎಂದು ಹಿರಿಯ ತಂತ್ರಜ್ಞರು ಹೇಳುವುದಕ್ಕೆ ಕಾರಣವಿದೆ. ಮೈಕ್ರೋಸಾಫ್ಟ್‌ನ ಹಳೆಯ ಕಾರ್ಯಾಚರಣಾ ವ್ಯವಸ್ಥೆಯಾದ ಎಂಎಸ್-ಡಾಸ್‌ನ 1993ರ 6ನೆಯ ಆವೃತ್ತಿಯ ಜೊತೆ ಬಂದ ಡಬಲ್‌ಸ್ಪೇಸ್ ಎಂಬ ಕಂಪ್ರೆಷನ್ ತಂತ್ರಾಂಶ ಇಡೀ ಡ್ರೈವನ್ನು ಒಂದೇ ಬೃಹತ್ ಕಡತದೊಳಗೆ ತುಂಬಿಡುತ್ತಿತ್ತು. ಆ ಒಂದು ಕಡತಕ್ಕೆ ಪೆಟ್ಟು ಬಿದ್ದರೆ ಎಲ್ಲವೂ ಅಪಾಯಕ್ಕೆ ಸಿಕ್ಕುತ್ತಿತ್ತು. ಹಾಗೆ ಕಳೆದುಕೊಂಡವರ ದೂರುಗಳು ಆ ಕಾಲದಲ್ಲಿ ಬಂದಿದ್ದವು. ಎನ್‌ಟಿಎಫ್‌ಎಸ್ ಪ್ರತಿ ಕಡತವನ್ನೂ ಬೇರೆಯಾಗಿ ಕುಗ್ಗಿಸುವುದರಿಂದ ಆ ಬಗೆಯ ಅಪಾಯ ಇಂದಿಲ್ಲ. ಆದರೂ ಕುಗ್ಗಿಸದ ಪಠ್ಯದಲ್ಲಿ ಒಂದು ಬೈಟ್ ಕೆಟ್ಟರೆ ಒಂದು ಅಕ್ಷರ ಕೆಡುತ್ತದೆ. ಕುಗ್ಗಿಸಿದ್ದರಲ್ಲಿ ‘ಸದರಿ’ ಎಂದು ಸೂಚಿಸಿದ ಮೂಲವೇ ಕೆಟ್ಟರೆ ಆ ತುಂಡಿನ ಉಳಿದ ಭಾಗವೂ ಕೆಡಬಹುದು.

ಮಾಡಲು ಕುಳಿತಾಗ

ವಿಂಡೋಸ್‌ನಲ್ಲಿ ಸಿ ಡ್ರೈವ್ ಪೂರ್ತಿಗೆ ಗುರುತು ಹಾಕುವುದನ್ನು ಬಿಟ್ಟು ಫೋಲ್ಡರ್‌ಗಳನ್ನು ಆಯ್ದುಕೊಳ್ಳಬೇಕು. ಆರಂಭಕ್ಕೆ ಬೇಕಾದ ಕಡತವೇ ಕುಗ್ಗಿಹೋಗಿ, ‘ಬೂಟ್‌ಮ್ಯಾನೇಜರ್ ಕಂಪ್ರೆಸ್ ಆಗಿದೆ’ ಎಂಬ ಸಂದೇಶದೊಂದಿಗೆ ಕಂಪ್ಯೂಟರ್ ನಿಂತುಬಿಟ್ಟ ಪ್ರಸಂಗಗಳು ಉಂಟು. ವಿಂಡೋಸ್‌ನ ಸ್ವಂತ ಕಡತಗಳನ್ನು ಕುಗ್ಗಿಸಲು ವಿಂಡೋಸ್ 10ರಿಂದ ‘ಕಾಂಪ್ಯಾಕ್ಟ್ ಓಎಸ್’ ಎಂಬ ಪ್ರತ್ಯೇಕ ಏರ್ಪಾಡು ಇದೆ, ಅದರಿಂದ ಎರಡು ಮೂರು ಜಿಬಿ ಉಳಿಯಬಹುದು.

ಮೊದಲು ಒಂದು ಫೋಲ್ಡರಿನ ನಕಲು ತೆಗೆದುಕೊಂಡು, ಅದರ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನಲ್ಲಿ ‘ಅಡ್ವಾನ್ಸ್ಡ್’ ಆರಿಸಿ, ಡಿಸ್ಕಿನ ಜಾಗ ಉಳಿಸಲು ಕುಗ್ಗಿಸಿ ಎಂಬ ಅರ್ಥದ ಚೌಕಕ್ಕೆ ಗುರುತು ಹಾಕಿ. ಕೆಲಸ ಮುಗಿದ ಮೇಲೆ ‘ಸೈಜ್ ಆನ್ ಡಿಸ್ಕ್’ ಸಂಖ್ಯೆ ಮೊದಲಿಗಿಂತ ಎಷ್ಟು ಇಳಿದಿದೆ ನೋಡಿ. ಹತ್ತರಲ್ಲಿ ಒಂದು ಪಾಲೂ ಇಳಿಯದಿದ್ದರೆ ಆ ಬಗೆಯ ಕಡತಗಳನ್ನು ಹಾಗೆಯೇ ಬಿಡುವುದು ಒಳ್ಳೆಯದು. ಇಳಿದಿದ್ದರೆ ಅಸಲು ಫೋಲ್ಡರಿಗೂ ಅದನ್ನೇ ಮಾಡಬಹುದು. ಇಲ್ಲೊಂದು ಸೂಕ್ಷ್ಮವಿದೆ: ಕುಗ್ಗಿಸುವ ಗುರುತಿರುವ ಫೋಲ್ಡರಿಗೆ ಅದೇ ಡ್ರೈವ್‌ನ ಬೇರೆಡೆಯಿಂದ ಕಡತವನ್ನು ನಕಲು ಮಾಡಿದರೆ ಅದು ಕುಗ್ಗುತ್ತದೆ, ಆದರೆ ಅಲ್ಲಿಗೆ ಸರಿಸಿದರೆ ತನ್ನ ಹಿಂದಿನ ಸ್ಥಿತಿಯಲ್ಲೇ ಉಳಿಯುತ್ತದೆ.

ಬ್ಯಾಕಪ್ ತೆಗೆಯುವಾಗ ಲೆಕ್ಕ ಹಾಕಬೇಕಾದದ್ದು ‘ಸೈಜ್’ ಸಂಖ್ಯೆಯನ್ನು, ‘ಸೈಜ್ ಆನ್ ಡಿಸ್ಕ್’ ಅನ್ನಲ್ಲ. 20 ಜಿಬಿಯ ಪಠ್ಯ ಸಂಗ್ರಹ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 9 ಜಿಬಿಯಷ್ಟೇ ಹಿಡಿದಿದ್ದರೂ, ಅದನ್ನು ನಕಲು ಮಾಡುವಾಗ ಬಿಚ್ಚಿಯೇ ಕೊಡಲಾಗುತ್ತದೆ. ಎಕ್ಸ್‌ಫ್ಯಾಟ್ ಇರುವ 16 ಜಿಬಿಯ ಪೆನ್‌ಡ್ರೈವ್‌ನಲ್ಲಿ ಅದು ಹಿಡಿಸುವುದಿಲ್ಲ. 32 ಜಿಬಿಯದೇ ಬೇಕು.